ಕಾಶವ್ವನ ಸೀಟಿ

"ಗುರುಗಳೇ, ಎಲ್ಲರೂ ಕೆಡಿಸುತ್ತಿರುವುದನ್ನು ಒಬ್ಬನು ಕೆಡಿಸದೆ ಬಿಟ್ಟರೆ ಏನಾದೀತು?"

ಶಿಷ್ಯ ಹೀಗೆ ಕೇಳಲು ಕಾರಣವಿತ್ತು. ಮಠದ ದಾಸೋಹದ ಮನೆಗೆ ಪಾಯ ತೆಗೆಯಬೇಕಾಗಿತ್ತು. ಮಣ್ಣು ಅಗೆಯುವ ಯಂತ್ರವೊಂದನ್ನು ಗೊತ್ತುಮಾಡಿ ಬರಲು ಗುರು ಅವನನ್ನು ಪೇಟೆಗೆ ಕಳಿಸಿದ್ದರು. "ಕಪ್ಪು ಹೊಗೆ ಕಾರುವ ಯಂತ್ರ ಬೇಡ. ಕೆಲಸವಿಲ್ಲದಾಗ ಎಂಜಿನ್ ಆರಿಸುವ ಚಾಲಕ ಬೇಕು. ನಾಲ್ಕು ದಿನ ತಡವಾದರೂ ಚಿಂತೆಯಿಲ್ಲ" ಎಂದು ಹೇಳಿದ್ದರು. ಶಿಷ್ಯ ಹೋದ. ಪೇಟೆಯ ಹೊರಗೆ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಮೂವತ್ತು ಯಂತ್ರಗಳು ಸಾಲಾಗಿ ನಿಂತು ಅಗೆಯುತ್ತಿದ್ದವು. ಅವುಗಳ ಹೊಗೆಯಲ್ಲಿ ನಡುಹಗಲಿನ ಸೂರ್ಯ ಮಂಕಾಗಿದ್ದ. ಅದನ್ನು ನೋಡಿದ ಮೇಲೆ ಮಠದ ಒಂದು ಯಂತ್ರಕ್ಕಾಗಿ ಅಲೆಯುವುದು ಅವನಿಗೆ ನಗೆಪಾಟಲಾಗಿ ಕಂಡಿತು. ಯಾರನ್ನೂ ವಿಚಾರಿಸದೆ ಮರಳಿ ಬಂದು ಗುರುವಿನ ಎದುರು ಕುಳಿತ.

ಗುರು ಬೇಸರಿಸಲಿಲ್ಲ. "ಒಬ್ಬ ಚಾಲಕನಿದ್ದ. ಅವನ ಕತೆ ಕೇಳು" ಎಂದರು.

ಒಂದು ಊರಿನ ನಡುವೆ ಹೊಸ ಮಾರುಕಟ್ಟೆ ಕಟ್ಟಬೇಕೆಂದು ನಿಶ್ಚಯವಾಯಿತು. ಕಟ್ಟಡದ ಎರಡು ಅಂತಸ್ತುಗಳು ನೆಲದ ಕೆಳಗೆ ಇರಬೇಕಾಗಿತ್ತು. ಅದಕ್ಕಾಗಿ ನಲವತ್ತು ಅಡಿ ಆಳದ ಗುಂಡಿ ತೋಡಲು ಆರಂಭಿಸಿದರು. ಏಳು ಯಂತ್ರಗಳು ಗುಂಡಿಯೊಳಗೆ ಇಳಿದವು. ಅವು ಅಗೆದ ಮಣ್ಣನ್ನು ಹೊರಲು ಟಿಪ್ಪರುಗಳು ಇಳಿಜಾರಿನ ದಾರಿಯಲ್ಲಿ ಒಂದರ ಹಿಂದೆ ಒಂದು ಬಂದು ಹೋಗುತ್ತಿದ್ದವು.

ಏಳು ಚಾಲಕರಲ್ಲಿ ಮಾಳಪ್ಪನೇ ಮೊದಲಿಗ. ಕೈಚಳಕದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ನೆಲದ ಮೇಲೆ ಬೆಂಕಿಪೊಟ್ಟಣ ಇಟ್ಟರೆ ಯಂತ್ರದ ಬಕೆಟ್ಟಿನ ಹಲ್ಲಿನಿಂದ ಅದನ್ನು ನಲುಗದಂತೆ ಎತ್ತುತ್ತಿದ್ದ. ಮುಂದಿನ ತಿಂಗಳು ಹಳೆಯದೊಂದರ ಬದಲಿಗೆ ಹೊಸ ಯಂತ್ರವೊಂದು ಬರುವುದಿತ್ತು. ಅದು ಮಾಳಪ್ಪನಿಗೇ ಎಂದು ಮೇಲ್ವಿಚಾರಕ ಆಗಲೇ ಹೇಳಿದ್ದ.

ಅವನಿಗೊಂದು ರೂಢಿಯಿತ್ತು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದರೆ ಆರಿಸುವುದು ಸಂಜೆಗೇ. ಟಿಪ್ಪರಿಗಾಗಿ ಕಾಯುವಾಗಲೂ ಎಂಜಿನ್ ಓಡುತ್ತಿತ್ತು. ಊಟ ಮಾಡುವಾಗಲೂ ಓಡುತ್ತಿತ್ತು. ಅವನಿಗೆ ಕೆಲಸ ಕಲಿಸಿದ ಉಸ್ತಾದ ಹೀಗೆಂದು ಹೇಳಿಕೊಟ್ಟಿದ್ದ: "ಆರಿಸಿದ ಎಂಜಿನ್ ಮತ್ತೆ ಹತ್ತುತ್ತದೆ ಎಂಬ ನಂಬಿಕೆಯಿಲ್ಲ. ಓಡುವುದನ್ನು ನಿಲ್ಲಿಸಬೇಡ." ಇಪ್ಪತ್ತೆರಡು ವರ್ಷ ಮಾಳಪ್ಪ ಆ ಮಾತನ್ನು ಮೀರಿರಲಿಲ್ಲ. ಉಳಿದ ಚಾಲಕರು ಅವನನ್ನು ನೋಡಿ ಅದನ್ನೇ ಮಾಡುತ್ತಿದ್ದರು.

ಅವನು ಕೂರುವ ಕೋಣೆಗೆ ನಾಲ್ಕೂ ಕಡೆ ಗಾಜು. ಒಳಗೆ ತಂಪು ಗಾಳಿ ಬೀಸುತ್ತಿತ್ತು. ಹೊಗೆಯ ಕೊಳವೆ ಅವನ ಬೆನ್ನ ಹಿಂದೆ, ಯಂತ್ರದ ಬಾಲದ ಕಡೆಗಿತ್ತು.

ಆ ಬಾಲದ ಕಡೆ ಒಬ್ಬ ಹೆಂಗಸು ನಿಲ್ಲುತ್ತಿದ್ದಳು. ಅವಳ ಹೆಸರು ಕಾಶವ್ವ. ಕೈಯಲ್ಲಿ ಕೆಂಪು ನಿಶಾನಿ ಒಂದು, ಹಸಿರು ನಿಶಾನಿ ಒಂದು. ಬಾಯಲ್ಲಿ ಸೀಟಿ. ಟಿಪ್ಪರ್ ಹಿಂದಕ್ಕೆ ಬರುವಾಗ ಅವಳು ಸೀಟಿ ಊದಬೇಕು. ಸೀಟಿ ಕೇಳಿದರೆ ಮಾಳಪ್ಪ ಯಂತ್ರವನ್ನು ತಿರುಗಿಸದೆ ನಿಲ್ಲಿಸಬೇಕು. ಮೂರು ವರ್ಷ, ಮೂರು ಊರುಗಳ ಕೆಲಸದಲ್ಲಿ, ಅವರಿಬ್ಬರೂ ಹೀಗೇ ಜೊತೆಯಾಗಿ ದುಡಿದಿದ್ದರು. ಮಾತಾಡಿದ್ದು ಕಡಿಮೆ. ಅವನ ಪಾಲಿಗೆ ಅವಳೆಂದರೆ ಕನ್ನಡಿಯಲ್ಲಿ ಕಾಣುವ ಎರಡು ಬಟ್ಟೆ ಚೂರು ಮತ್ತು ಒಂದು ಸದ್ದು.

ಆ ವರ್ಷ ಸೀಟಿಯ ಸದ್ದು ಇಳಿಯತೊಡಗಿತು. ಮೊದಲು ನೀಳವಾಗಿ ಊದುತ್ತಿದ್ದವಳು ತುಂಡು ತುಂಡಾಗಿ ಊದತೊಡಗಿದಳು. ಮಾಳಪ್ಪ ಅದನ್ನು ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಟಿಪ್ಪರೊಂದು ಹಿಂದಕ್ಕೆ ಬಂತು. ಸೀಟಿ ಕೇಳಲಿಲ್ಲ. ಮಾಳಪ್ಪ ಯಂತ್ರವನ್ನು ತಿರುಗಿಸಿದ. ಯಂತ್ರದ ಬಾಲ ಪಕ್ಕಕ್ಕೆ ಬಂದಿದ್ದ ಟಿಪ್ಪರಿನ ಚಾಲಕನ ಕೋಣೆಗೆ ಬಡಿಯಿತು. ಟಿಪ್ಪರಿನ ಬಾಗಿಲು ಒಳಕ್ಕೆ ಹೋಯಿತು, ಗಾಜು ಪುಡಿಯಾಯಿತು. ಅದರ ಚಾಲಕ ಆಚೆ ಕಡೆಯಿಂದ ಜಿಗಿದು ಮೊಣಕಾಲು ತರಚಿಕೊಂಡ. ಒಂದು ಗೇಣು ಮುಂದೆ ತಾಗಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ.

ಮಾಳಪ್ಪ ಕೆಳಗಿಳಿದ. ಹೆದರಿಕೆ ಸಿಟ್ಟಾಯಿತು. ಕಾಶವ್ವನ ಹತ್ತಿರ ಹೋಗಿ ಕೂಗಿದ: "ಸೀಟಿ ಊದಾಕ ಉಸರಿಲ್ಲೇನ ನಿನಗ?"

ಕಾಶವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಸೀಟಿ ಕೊರಳ ದಾರಕ್ಕೆ ಜೋತುಬಿದ್ದಿತ್ತು.

"ಇಲ್ಲರಿ" ಎಂದಳು.

ಸುತ್ತ ನೆರೆದವರು ಅದನ್ನು ಉದ್ಧಟತನವೆಂದು ತಿಳಿದರು. ಮಾಳಪ್ಪನೂ ಹಾಗೇ ತಿಳಿದ. ಮೇಲ್ವಿಚಾರಕ ಬಂದು ಕೇಳಿದಾಗ, ತಪ್ಪು ಅವಳದೇ ಎಂದು ಹೇಳಿದ. ಮೇಲ್ವಿಚಾರಕ ಕಾಶವ್ವನಿಗೆ ಅಂದೇ ಮನೆಗೆ ಹೋಗಲು ಹೇಳಿದ. ಉಸಿರಿಲ್ಲದವಳು ಸೀಟಿಯ ಕೆಲಸಕ್ಕೆ ಬೇಡ ಎಂದ. ಆದರೆ ಅಲ್ಲಿ ಒಂದು ಕಟ್ಟಳೆಯೂ ಇತ್ತು. ಯಾರ ತಪ್ಪಾದರೂ ಸರಿ, ಡಿಕ್ಕಿಯಾದರೆ ಚಾಲಕ ಹತ್ತು ದಿನ ಯಂತ್ರ ಹತ್ತುವಂತಿಲ್ಲ.

"ಹತ್ತು ದಿನ ಸುಮ್ಮನೆ ಕೂರಬೇಡ" ಎಂದ ಮೇಲ್ವಿಚಾರಕ. "ಅವಳ ನಿಶಾನಿ ನೀನೇ ಹಿಡಿ. ನಿನ್ನ ಯಂತ್ರವನ್ನು ಭರಮಣ್ಣ ನಡೆಸಲಿ, ಅವನ ಯಂತ್ರ ಅಷ್ಟು ದಿನ ನಿಲ್ಲಲಿ."

ಮರುದಿನ ಮಾಳಪ್ಪ ಹೊಸ ಸೀಟಿ ಕಟ್ಟಿಕೊಂಡು ತನ್ನ ಯಂತ್ರದ ಹಿಂದೆ ನಿಂತ. ಇದೇನು ಮಹಾ ಕೆಲಸ ಎಂದುಕೊಂಡಿದ್ದ. ಭರಮಣ್ಣ ಎಂಜಿನ್ ಚಾಲೂ ಮಾಡಿದ. ಕೊಳವೆಯಿಂದ ಕಪ್ಪು ಹೊಗೆ ಬುಸ್ಸೆಂದು ಬಂದು ಮಾಳಪ್ಪನ ಮುಖಕ್ಕೆ ಹೊಡೆಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಂದ ಟಿಪ್ಪರ್ ಕಾಣಲಿಲ್ಲ. ಮತ್ತೆ ಮುಂದೆ ಬಂದ.

ಗುಂಡಿಯಲ್ಲಿ ಗಾಳಿ ಅಷ್ಟಾಗಿ ಆಡುತ್ತಿರಲಿಲ್ಲ. ಮೇಲೇರಿದ ಹೊಗೆ ಗೋಡೆಗೆ ತಾಗಿ ಮತ್ತೆ ಇಳಿಯುತ್ತಿತ್ತು. ಸೀಟಿ ಊದಲು ಎದೆ ತುಂಬ ಉಸಿರು ಎಳೆಯಬೇಕು. ಎಳೆದಷ್ಟು ಸಲ ಹೊಗೆಯೇ ಒಳಗೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ತಲೆ ಸಿಡಿಯತೊಡಗಿತು. ಊಟದ ಹೊತ್ತಿನಲ್ಲಿ ನೆರಳು ಹುಡುಕಿದ. ಇಡೀ ಗುಂಡಿಯಲ್ಲಿ ನೆರಳೆಂದರೆ ಯಂತ್ರದ್ದೊಂದೇ. ಅಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಕೂತು ಕೂತು ಅದು ನುಣುಪಾಗಿತ್ತು. ಕಾಶವ್ವ ಊಟಕ್ಕೆ ಕೂರುತ್ತಿದ್ದ ಜಾಗ ಅದೇ ಎಂದು ಅವನಿಗೆ ತಿಳಿಯಿತು. ಬುತ್ತಿ ಬಿಚ್ಚಿದ. ಎಂಜಿನ್ ಓಡುತ್ತಲೇ ಇತ್ತು. ರೊಟ್ಟಿಯಲ್ಲಿ ಡೀಸೆಲ್ಲಿನ ವಾಸನೆ.

ಎದ್ದು ಗಾಜಿನ ಕಡೆಗೆ ಕೈಯಾಡಿಸಿ ಕೂಗಿದ. ಭರಮಣ್ಣ ಒಳಗೆ ಊಟ ಮಾಡುತ್ತಿದ್ದ. ಅವನಿಗೆ ಕೇಳಿಸಲಿಲ್ಲ. ಊಟ ಮುಗಿಸಿ ಇಳಿದು ಬಂದಾಗ ಮಾಳಪ್ಪ ಗದರಿಸಿದ: "ಉಣ್ಣುವಾಗರೆ ಬಂದ್ ಮಾಡಬಾರದೇನೋ?"

ಭರಮಣ್ಣ ಅಚ್ಚರಿಯಿಂದ ನೋಡಿದ. "ನಿನ್ನ ನೋಡೇ ಕಲತದ್ದಲ್ಲೇನ, ಮಾಳಣ್ಣ?"

ಮಾಳಪ್ಪ ನಿಶಾನಿ ಎತ್ತಿಕೊಂಡು ತನ್ನ ಜಾಗಕ್ಕೆ ಹೋದ.

ಮೂರನೆಯ ದಿನ ಅವನು ಉಗುಳಿದ ಎಂಜಲು ಕಪ್ಪಾಗಿತ್ತು. ನಾಲ್ಕನೆಯ ದಿನ ಮಲಗಿದಾಗ ಎದೆಯ ಮೇಲೆ ಚೀಲ ಇಟ್ಟ ಹಾಗಾಯಿತು. ಐದನೆಯ ದಿನ ಟಿಪ್ಪರೊಂದು ಹಿಂದಕ್ಕೆ ಬಂತು. ಅವನು ಸೀಟಿ ಊದಲು ಉಸಿರೆಳೆದ. ಕೆಮ್ಮು ಒತ್ತರಿಸಿ ಬಂತು. ಊದಲಾಗಲಿಲ್ಲ. ಭರಮಣ್ಣನ ಕಣ್ಣಿಗೆ ಟಿಪ್ಪರ್ ತಾನಾಗಿ ಬಿದ್ದದ್ದರಿಂದ ಅನಾಹುತ ತಪ್ಪಿತು. ಮಾಳಪ್ಪ ಕೆಂಪು ನಿಶಾನಿಯನ್ನು ಎತ್ತಿ ಹಿಡಿದು, ಬಾಗಿ ಕೆಮ್ಮುತ್ತ ನಿಂತ. 'ಉಸರಿಲ್ಲೇನ ನಿನಗ' ಎಂದು ತಾನು ಕೇಳಿದ್ದು ನೆನಪಾಯಿತು. ಅವಳು ಕೊಟ್ಟ ಉತ್ತರವೂ ನೆನಪಾಯಿತು. ಅವಳು ಎದುರಾಡಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದಳು.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. "ಮೂರು ವರ್ಷ ಅವಳು ಏಕೆ ಹೇಳಲಿಲ್ಲ, ಗುರುಗಳೇ? ಹೇಳಿದ್ದರೆ ಅವನು ಕೇಳುತ್ತಿದ್ದನೋ ಏನೋ."

"ಅವನೂ ಅದನ್ನೇ ಕೇಳಿದ" ಎಂದರು ಗುರು.

ಆ ಸಂಜೆ ಮಾಳಪ್ಪ ನಾಲ್ಕು ಮೋಸಂಬಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಕಾಶವ್ವನಿದ್ದಲ್ಲಿಗೆ ಹೋದ. ಊರ ಹೊರಗೆ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಅವಳು ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮೂರು ಮಾತಾಡಿದರೆ ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಉಸಿರಿನ ಜೊತೆ ಎದೆಯೊಳಗಿಂದ ಸಣ್ಣ ಸದ್ದು ಬರುತ್ತಿತ್ತು. ಸರಕಾರಿ ಆಸ್ಪತ್ರೆಯ ಡಾಕ್ಟರು ಔಷಧ ಕೊಟ್ಟಿದ್ದರು, ಹೊಗೆಯಿಂದ ದೂರ ಇರಬೇಕು ಎಂದಿದ್ದರು.

ಮಾಳಪ್ಪ ಹೊಸ್ತಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತ. ಹೇಗಿದ್ದೀ ಎಂದೂ ಕೇಳಲಿಲ್ಲ.

"ಮೂರ ವರ್ಷ ಆತು. ಹೊಗಿ ಬರ್ತೈತಿ, ಬಂದ್ ಮಾಡು ಅಂತ ಒಂದ ಮಾತ ಯಾಕ ಹೇಳಲಿಲ್ಲ?"

"ಹೇಳೇನ್ರಿ."

"ಯಾವಾಗ?"

"ದಿನಾ ಹೇಳೇನಿ. ಉಣ್ಣೂ ಹೊತ್ನ್ಯಾಗ ನಿಮ್ಮ ಗಾಜಿನ ಕಡೆ ನೋಡಿ ಹಿಂಗ ಕೈ ಆಡಸ್ತಿದ್ದೆ." ಅವಳು ಅಂಗೈಯನ್ನು ಅತ್ತಿಂದಿತ್ತ ಆಡಿಸಿ ತೋರಿಸಿದಳು. "ಬಂದ್ ಮಾಡ್ರಿ ಅಂತ. ನೀವೂ ನಕ್ಕು ಕೈ ಮಾಡತಿದ್ರಿ."

ಮಾಳಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು. ದಿನವೂ ಒಬ್ಬ ಹೆಣ್ಣುಮಗಳು ಕೆಳಗಿನಿಂದ ಕೈಬೀಸುತ್ತಿದ್ದಳು. ತನಗೆ ಮರ್ಯಾದೆ ಕೊಡುತ್ತಿದ್ದಾಳೆ ಎಂದುಕೊಂಡು ತಾನೂ ಕೈಬೀಸುತ್ತಿದ್ದ. ಮೂರು ವರ್ಷ, ಊಟದ ಹೊತ್ತಿನಲ್ಲಿ, ತಪ್ಪದೆ ಬೀಸಿದ್ದ. ಆ ಸಲಿಗೆಗೆ ಒಳಗೊಳಗೇ ಸಂತೋಷವನ್ನೂ ಪಟ್ಟಿದ್ದ.

ಅವನು ತಲೆ ತಗ್ಗಿಸಿದ. ಕಾಶವ್ವ ಮೋಸಂಬಿಯೊಂದನ್ನು ಸುಲಿದು ಅರ್ಧವನ್ನು ಅವನ ಕೈಗೆ ಕೊಟ್ಟಳು.

"ಕೆಲಸಕ್ಕ ಬರ್ತೀ?" ಎಂದು ಕೇಳಿದ.

"ಕರದ್ರ ಬರಾಕಬೇಕಲ್ರಿ. ಆದರ ಡಾಕ್ಟರು ಹೊಗಿ ಬಿಡು ಅಂತಾರ. ಕೆಲಸ ಇರೂದ ಹೊಗಿಯಾಗ."

ಮರುದಿನ ಅವನು ಮೊದಲು ಹೋದದ್ದು ಯಂತ್ರ ರಿಪೇರಿ ಮಾಡುವ ಇಮಾಮಸಾಬನ ಹತ್ತಿರ. ಇಮಾಮಸಾಬ ವಯಸ್ಸಾದವನು. ಕಡಿಮೆ ಮಾತಿನವನು.

"ಎಂಜಿನ್ ಬಂದ್ ಮಾಡಿದ್ರ ಮತ್ತ ಹತ್ತತೈತೇನು?" ಎಂದು ಮಾಳಪ್ಪ ಕೇಳಿದ.

"ಯಾಕ ಹತ್ತಂಗಿಲ್ಲ?"

"ನಮ್ಮ ಉಸ್ತಾದ ಹತ್ತಂಗಿಲ್ಲ ಅಂತಿದ್ದ."

ಇಮಾಮಸಾಬ ಕೈಯೊರೆಸಿಕೊಂಡ. "ಉಸ್ತಾದ ಸುಳ್ಳ ಹೇಳಿಲ್ಲ. ಅವನ ಕಾಲದ ಯಂತ್ರಕ್ಕ ಅದು ಖರೇ. ನೀ ಯಂತ್ರ ಬದಲಿ ಮಾಡಿದಿ, ಮಾತ ಬದಲಿ ಮಾಡಲಿಲ್ಲ."

ಆಮೇಲೆ ಮಾಳಪ್ಪ ಹೊಗೆಯ ವಿಷಯ ತೆಗೆದ. ಅಷ್ಟು ಕಪ್ಪಾಗಿ ಏಕೆ ಬರುತ್ತದೆ ಎಂದು ಕೇಳಿದ. ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದ ಎಣ್ಣೆ ಎಂದು ಇಮಾಮಸಾಬ ಹೇಳಿದ. ಎಂಜಿನ್ನಿಗೂ ಉಸಿರು ಬೇಕು. ಅದು ಗಾಳಿ ಎಳೆದುಕೊಳ್ಳುವ ಜಾಲರಿಯಲ್ಲಿ ಧೂಳು ತುಂಬಿದರೆ ಅದೂ ಕೆಮ್ಮುತ್ತದೆ. ಇಬ್ಬರೂ ಸೇರಿ ಯಂತ್ರದ ಜಾಲರಿಯನ್ನು ಹೊರತೆಗೆದರು. ಹೋದ ವರ್ಷದ ಕಾರಹುಣ್ಣಿಮೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಬಡಿದರೆ ಬೊಗಸೆ ತುಂಬ ಧೂಳು ಬಿತ್ತು.

ಇಮಾಮಸಾಬನ ರಿಪೇರಿ ಶೆಡ್ಡಿನ ಮೂಲೆಯಲ್ಲಿ ಒಂದು ಉಕ್ಕಿನ ಡಬ್ಬಿ ಬಿದ್ದಿತ್ತು. ಯಂತ್ರ ಹೊಸದಾಗಿ ಬಂದಾಗ ಅದು ಹೊಗೆಯ ಕೊಳವೆಗೆ ಜೋಡಿಸಿಕೊಂಡೇ ಬಂದಿತ್ತು. ಹೊಗೆಯೊಳಗಿನ ಮಸಿಯನ್ನು ಸೋಸುವುದು ಅದರ ಕೆಲಸ. ಆಗಾಗ ಬಿಚ್ಚಿ ಸ್ವಚ್ಛ ಮಾಡಬೇಕು. ಆ ತೊಡಕು ಬೇಡವೆಂದು ಎರಡನೆಯ ವರ್ಷವೇ ಅದನ್ನು ಕಿತ್ತು ಬರೀ ಕೊಳವೆ ಕೂರಿಸಿದ್ದರು. ಕಿತ್ತುಹಾಕಲು ಹೇಳಿದವನು ಮಾಳಪ್ಪನೇ. ಈಗ ಅವನೇ ಅದನ್ನು ಎತ್ತಿಕೊಂಡು ಬಂದ. ಇಮಾಮಸಾಬ ಎರಡು ದಿನ ಅದರ ಮೇಲೆ ಕೂತು ಸರಿಮಾಡಿ ಮತ್ತೆ ಜೋಡಿಸಿದ.

ಹತ್ತನೆಯ ದಿನ ಮಾಳಪ್ಪ ಮೇಲ್ವಿಚಾರಕನ ಮುಂದೆ ಹೋಗಿ ನಿಂತ. "ಕಾಶವ್ವನ್ನ ತಿರಗಿ ಕರೀಬೇಕ್ರಿ" ಎಂದ.

"ಅವಳಿಂದಲೇ ಡಿಕ್ಕಿಯಾಯಿತು ಅಂತ ನೀನೇ ಹೇಳಿದ್ದಿ."

"ಆವತ್ತ ನನಗ ಗೊತ್ತಿರಲಿಲ್ಲ. ತಪ್ಪ ನಂದು. ಆಕಿ ಉಸರ ತಿಂದವ ನಾನು."

ಮೇಲ್ವಿಚಾರಕ ಕೆಟ್ಟವನಲ್ಲ. ಆದರೆ ಅವನ ಮೇಲೂ ಒಬ್ಬರಿದ್ದರು. "ಹಾಗಂತ ಬರೆದು ಕೊಡ್ತೀಯಾ? ಬರೆದು ಕೊಟ್ಟರೆ ಅವಳನ್ನು ಕರೆಸಬಹುದು. ಆದರೆ ಡಿಕ್ಕಿ ಮಾಡಿದವನ ಕೈಗೆ ಹೊಸ ಯಂತ್ರ ಕೊಡಲಿಕ್ಕೆ ಬರೋದಿಲ್ಲ."

ಮಾಳಪ್ಪ ಆ ಹೊಸ ಯಂತ್ರದ ಬಗ್ಗೆ ಮನೆಯಲ್ಲಿ ಹೇಳಿದ್ದ, ಓಣಿಯಲ್ಲಿ ಹೇಳಿದ್ದ. ಹೆಂಡತಿ ಅದಕ್ಕೆ ಕಟ್ಟಲು ಗೊಂಡೆಯನ್ನೂ ಹೆಣೆದಿಟ್ಟಿದ್ದಳು. ಅವನು ಕಾಗದ ಕೇಳಿ ಇಸಿದುಕೊಂಡ. ಅವನ ಅಕ್ಷರ ಚೆನ್ನಾಗಿರಲಿಲ್ಲ. ನಾಲ್ಕು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದು ಸಹಿ ಹಾಕಿ ಕೊಟ್ಟ. ಹೊಸ ಯಂತ್ರ ಭರಮಣ್ಣನ ಪಾಲಾಯಿತು.

ಮಾಳಪ್ಪ ತನ್ನ ಹಳೆಯ ಯಂತ್ರ ಹತ್ತಿದ. ಬೆಳಗಿನ ಮೊದಲ ಟಿಪ್ಪರ್ ತುಂಬಿಸಿ ಕಳಿಸಿದ. ಎರಡನೆಯದು ಇಳಿಜಾರಿನ ಮೇಲ್ತುದಿಯಲ್ಲಿತ್ತು. ಬರಲು ಏಳೆಂಟು ನಿಮಿಷವಾದರೂ ಬೇಕು. ಅವನು ಕೀಲಿಯ ಮೇಲೆ ಕೈಯಿಟ್ಟ. ಇಪ್ಪತ್ತೆರಡು ವರ್ಷದ ರೂಢಿ ಕೈಯನ್ನು ಹಿಡಿದುಕೊಂಡಿತು. ಇಮಾಮಸಾಬನನ್ನು ನೆನೆದು ತಿರುವಿದ. ಎಂಜಿನ್ ನಿಂತಿತು. ತಂಪು ಗಾಳಿಯೂ ನಿಂತಿತು. ಗಾಜಿನೊಳಗೆ ಸೆಕೆ ತುಂಬಿತು. ಬಾಗಿಲು ತೆರೆದು ಕೂತ. ಟಿಪ್ಪರ್ ಹತ್ತಿರ ಬಂತು. ಕೀಲಿ ತಿರುವಿದ. ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡಿತು.

ಅವನು ಒಬ್ಬನೇ ಕೂತು ನಕ್ಕ.

ಆರು ಚಾಲಕರು ಅವನನ್ನು ಗೇಲಿ ಮಾಡಿದರು. "ಏಳ ಒಲಿಯಾಗ ಒಂದ ಆರಿಸಿದ್ರ ಅಡಗಿಮನಿ ತಂಪಾಗತೈತೇನ?" ಎಂದು ಕೇಳಿದರು. ಕೆಲವು ದಿನ ಆ ಮಾತು ಮಾಳಪ್ಪನನ್ನು ಚುಚ್ಚಿತು. ಉಳಿದ ಯಂತ್ರಗಳ ಹೊಗೆ ಎದ್ದು ಗುಂಡಿಯ ಬಾಯಲ್ಲಿ ನಿಂತಿರುವುದನ್ನು ನೋಡಿ, ತಾನು ಮಾಡುತ್ತಿರುವುದು ಹುಚ್ಚುತನವೇನೋ ಎಂದುಕೊಂಡ. ಒಂದು ಮಧ್ಯಾಹ್ನ ಬೇಸರದಿಂದ ಎಂಜಿನ್ ಓಡಲು ಬಿಟ್ಟು ಊಟಕ್ಕೂ ಕೂತ. ಎರಡು ತುತ್ತು ಉಂಡ. ಮೂರನೆಯದನ್ನು ಬುತ್ತಿಯಲ್ಲೇ ಬಿಟ್ಟ. ಎದ್ದು ಆರಿಸಿದ.

ಡಿಕ್ಕಿಯಾದ ಹತ್ತೊಂಬತ್ತನೆಯ ದಿನ ಕಾಶವ್ವ ಕೆಲಸಕ್ಕೆ ಮರಳಿದಳು. ಮಾಳಪ್ಪ ಕೆಳಗಿಳಿದು ಹೋದ. ಒಂದು ಚಿಟಿಕೆ ಮಣ್ಣನ್ನು ಎತ್ತರದಿಂದ ಉದುರಿಸಿದ. ಮಣ್ಣು ಮೂಡಣಕ್ಕೆ ಹಾರಿತು. "ಇವತ್ತ ಪಡವಣದ ಕಡೆ ನಿಂದರು. ಹೊಗಿ ಅತ್ಲಾಗ ಹೋಗತೈತಿ" ಎಂದ. ಅಲ್ಲಿಂದ ಟಿಪ್ಪರ್ ಕಾಣುವಂತೆ ಯಂತ್ರವನ್ನೇ ಸ್ವಲ್ಪ ಓರೆಯಾಗಿ ನಿಲ್ಲಿಸಿದ. ಮೂರು ವರ್ಷದಲ್ಲಿ ಅದು ಅವನಿಗೆ ಹೊಳೆದಿರಲಿಲ್ಲ. ಮಾಡಲು ಹಿಡಿದದ್ದು ಎರಡು ನಿಮಿಷ.

ಟಿಪ್ಪರ್ ತುಂಬಿ ಹೋಯಿತು. ಅವನು ಎಂಜಿನ್ ಆರಿಸಿದ. ಕಾಶವ್ವ ಗಾಬರಿಯಾಗಿ ಓಡಿ ಬಂದಳು.

"ಕೆಟ್ಟತೇನ್ರಿ?"

"ಇಲ್ಲ. ಬಂದ್ ಮಾಡೇನಿ."

ಅವಳು ಕೊಳವೆಯ ಕಡೆ ನೋಡಿದಳು. ಅವನ ಕಡೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು. ಮಧ್ಯಾಹ್ನ ಯಂತ್ರದ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ಮಾಳಪ್ಪನೂ ಇಳಿದು ಬಂದು ಆಚೆ ಬದಿಗೆ ಕೂತ. ಅವಳು ಚಟ್ನಿಪುಡಿ ಮುಂದೆ ಸರಿಸಿದಳು. ಅಂದು ಅವರು ಮಳೆಯ ಬಗ್ಗೆ, ಅವಳ ತವರೂರಿನ ಹಳ್ಳದ ಬಗ್ಗೆ ಮಾತಾಡಿದರು.

ಒಂದು ವಿಚಿತ್ರವೂ ನಡೆಯಿತು. ಮಾಳಪ್ಪನ ಯಂತ್ರ ನಿಂತದ್ದನ್ನು ಕಂಡು, ಸಾಲಿನಲ್ಲಿ ಕಾಯುತ್ತಿದ್ದ ಟಿಪ್ಪರಿನವರು ಅದು ಕೆಟ್ಟಿತೆಂದು ತಿಳಿದರು. ಇನ್ನು ತಡವಾಗುತ್ತದೆಂದು ತಮ್ಮ ಗಾಡಿಗಳನ್ನೂ ಆರಿಸಿದರು. ಕೆಟ್ಟಿಲ್ಲವೆಂದು ಗೊತ್ತಾದ ಮೇಲೂ ಕೆಲವರಿಗೆ ಅದೇ ರೂಢಿಯಾಯಿತು. ಗದ್ದಲವಿಲ್ಲದ ಐದು ನಿಮಿಷ ಸಿಕ್ಕರೆ ಬೀಡಿಯ ಜೊತೆ ನಾಲ್ಕು ಮಾತಾಡಬಹುದಲ್ಲ. ಗುತ್ತಿಗೆದಾರನಿಗೆ ಕಾಶವ್ವನ ಎದೆಯ ವಿಚಾರ ಗೊತ್ತಿರಲಿಲ್ಲ. ಮಾಳಪ್ಪನ ಯಂತ್ರ ಕುಡಿಯುವ ಡೀಸೆಲ್ ಕಡಿಮೆಯಾದದ್ದು ಮಾತ್ರ ಗೊತ್ತಾಯಿತು. ಎಲ್ಲರೂ ಹಾಗೇ ಮಾಡಬೇಕೆಂದು ಅಪ್ಪಣೆ ಮಾಡಿದ. ಅವನು ಬಂದಾಗ ಎಲ್ಲರೂ ಆರಿಸುತ್ತಿದ್ದರು. ಅವನು ಹೋದ ಮೇಲೆ ಇಬ್ಬರು ಆರಿಸುತ್ತಿದ್ದರು. ಅವರಲ್ಲಿ ಒಬ್ಬ ಭರಮಣ್ಣ. ಹೊಸ ಯಂತ್ರದ ಮಸಿ ಸೋಸುವ ಡಬ್ಬಿಯನ್ನು ಕೀಳಿಸಲು ಅವನು ಒಪ್ಪಲಿಲ್ಲ. ಹೀಗೆ ಏಳರಲ್ಲಿ ಮೂರಾದವು. ನಾಲ್ಕು ಮೊದಲಿನಂತೆ ಓಡುತ್ತಲೇ ಇದ್ದವು.

ಮಳೆಗಾಲ ಕಳೆದು ದೀಪಾವಳಿಯೂ ಕಳೆಯಿತು. ಗುಂಡಿಯ ಕೆಲಸ ಮುಗಿಯಿತು. ಕೆಟ್ಟ ಎದೆ ಪೂರ್ತಿ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಕಾಶವ್ವನಿಗೆ ಹೇಳಿದ್ದರು. ಅದು ನಿಜವೇ ಆಯಿತು. ಆದರೆ ಕೆಲಸಕ್ಕೆ ಮರಳಿದ ದಿನ ಇಳಿಜಾರು ಹತ್ತುವಾಗ ಅವಳು ಮೂರು ಕಡೆ ನಿಂತಿದ್ದಳು. ಕೊನೆಯ ದಿನ ಒಂದೇ ಕಡೆ ನಿಂತಳು. ಅದೂ ಹಿಂದೆ ಬರುತ್ತಿದ್ದ ಮಾಳಪ್ಪನಿಗಾಗಿ.

"ಬರ್ರಿ, ಲಗೂನ" ಎಂದು ಕರೆದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ನಾಲ್ಕು ಯಂತ್ರಗಳು ಹಾಗೇ ಉಳಿದವು. ಊರಿನಲ್ಲಿ ಇನ್ನೆಷ್ಟು ಇದ್ದವೋ. ಒಬ್ಬ ಮಾಳಪ್ಪನಿಂದ ಆಕಾಶ ತಿಳಿಯಾಯಿತೇ?"

"ಆಕಾಶ ಉಸಿರಾಡುವುದಿಲ್ಲ, ಉಸಿರಾಡುವವಳು ಕಾಶವ್ವ" ಎಂದರು ಗುರು.

ಶಿಷ್ಯ ಎದ್ದು, ಯಂತ್ರ ವಿಚಾರಿಸಲು ಮತ್ತೆ ಪೇಟೆಯ ಹಾದಿ ಹಿಡಿದ.